ಸಭ್ಯ ಪೆಟ್ಟಿಗೆಗೊಂದು ಒರಟು ಕೊರಳು

ಗೋವೆಯ ವಾಸ್ಕೋದಲ್ಲಿ ನೆಲೆಸಿ ಮೂರು ತಲೆಮಾರು ಕಳೆದ ನಮ್ಮ ಮನೆತನದಲ್ಲಿ ಸಂಗೀತವೆಂದರೆ ಬಹುಕಾಲ ತಂಬೂರಿ ಮತ್ತು ಹಾರ್ಮೋನಿಯಂ ಮಾತ್ರವೇ ಆಗಿದ್ದವು. ಗಿಟಾರನ್ನು ಹೊಸ್ತಿಲೊಳಗೆ ತಂದವರು ನಮ್ಮ ಅಣ್ಣನವರು. ಹಡಗಿನ ಕೆಲಸದಲ್ಲಿದ್ದ ಅವರು ತಮ್ಮ ಕಡೆಯ ಪ್ರಯಾಣದಿಂದ ಮರಳುವಾಗ ಅಮೆರಿಕೆಯಿಂದ ಒಂದು ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್ಲಿಫಯರನ್ನು ಹೊತ್ತು ತಂದರು. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು. ಕಳೆದ ಮಳೆಗಾಲದಲ್ಲಿ ಅವರ ಮಗ ಅದನ್ನು ಮಾರುವ ಮಾತೆತ್ತಿದಾಗ ವೈನಿಯವರು ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಹುಡುಗನ ದೂರು ಅನ್ಯಾಯದ್ದೇನೂ ಆಗಿರಲಿಲ್ಲ. "ಕಾಕಾ, ಈ ಪೆಟ್ಟಿಗಿ ಭಾಳ ಸಭ್ಯ ಐತ್ರಿ. ಚಂದ ಹಾಡತೈತಿ, ಆದ್ರ ಒದರಂಗಿಲ್ರಿ" ಎಂದ. ಮದುವೆಯ ಆರತಕ್ಷತೆಗಳಲ್ಲಿ ಗೆಳೆಯರ ತಂಡದೊಡನೆ ನುಡಿಸುವ ಅವನಿಗೆ, ಡೋಲು ಮತ್ತು ಕೀಬೋರ್ಡುಗಳ ನಡುವೆ ತನ್ನ ಗಿಟಾರು ಕೇಳಿಸದೆ ಹೋಗುವುದೇ ದೊಡ್ಡ ಸಂಕಟ. ಪೆಟ್ಟಿಗೆಯನ್ನು ಮಾರದೆಯೇ ಅದಕ್ಕೊಂದು ಒರಟು ಕೊರಳನ್ನು ಕೊಡಿಸಲು ಸಾಧ್ಯವೇ ಎಂದು ವಿಚಾರಿಸುವ ಹೊಣೆ ನಮ್ಮ ಪಾಲಿಗೆ ಬಂತು. ಆ ವಿಚಾರಣೆಯಲ್ಲಿ ನಾವು ಕಲಿತದ್ದನ್ನು, ಗಿಟಾರು ಹಿಡಿದ ಮಕ್ಕಳಿರುವ ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಹಳೆಯ ವಾಲ್ವ್ ರೇಡಿಯೋವನ್ನು ಬಲ್ಲ ಓದುಗರಿಗೆ ಈ ಪೆಟ್ಟಿಗೆ ಅಪರಿಚಿತವಲ್ಲ. ಗುಂಡಿ ಒತ್ತಿದ ಕೂಡಲೇ ಸದ್ದು ಬಾರದು. ಒಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಗಾದ ಮೇಲೆ ನಾದ ಹೊರಡುತ್ತದೆ. ಡಿಲಕ್ಸ್ ರಿವರ್ಬಿನ ಮೂಲ ಮಾದರಿ ಬಂದದ್ದು 1963ರಲ್ಲಿ. 6ವಿ6 ಎಂಬ ಎರಡು ವಾಲ್ವುಗಳು ಸುಮಾರು 22 ವ್ಯಾಟು ಶಕ್ತಿಯನ್ನು ಹನ್ನೆರಡು ಇಂಚಿನ ಒಂದು ಸ್ಪೀಕರಿಗೆ ಕೊಡುತ್ತವೆ. ವಾಲ್ವು ತನ್ನ ಮಿತಿಯೊಳಗೆ ದುಡಿಯುವವರೆಗೆ ನಾದವು ತೊಳೆದಿಟ್ಟಂತೆ ಸ್ವಚ್ಛ. ಮಿತಿಯನ್ನು ಮೀರಿ ದೂಡಿದಾಗ ಧ್ವನಿಯ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದಲ್ಲಿಲ್ಲದ ಮೇಲಿನ ಅನುಸ್ವರಗಳು ಹುಟ್ಟಿಕೊಳ್ಳುತ್ತವೆ. ಗಿಟಾರಿನವರು ಬಯಸುವ ಆ ಕೊರಕಲು ಇದೇ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಯಲ್ಲಿ ನೂಲೆಳೆಯನ್ನು ಸರಿಸಿ ಜವಾರಿ ಹಿಡಿಸುವವರು ಹುಡುಕುವುದೂ ಅನುಸ್ವರಗಳನ್ನೇ ಅಲ್ಲವೆ! (ಇದು ನಮ್ಮ ಕಡೆಯ ಜವಾರಿ ಬದನೆಯ ಜವಾರಿಯಲ್ಲ.) ದಾರಿ ಬೇರೆ, ಶುದ್ಧ ಸ್ವರಕ್ಕೆ ಸ್ವಲ್ಪ ಝೇಂಕಾರ ಬೆರೆಸಬೇಕೆಂಬ ಆಸೆ ಒಂದೇ.

ಈ ಆಸೆಗಾಗಿ ಅಮೆರಿಕ ಮತ್ತು ಇಂಗ್ಲೆಂಡಿನ ವಾದಕರು ಪಟ್ಟ ಪಾಡು ಸ್ವಾರಸ್ಯಕರವಾದುದು. 1951ರ 'ರಾಕೆಟ್ 88' ಎಂಬ ಧ್ವನಿಮುದ್ರಿಕೆಯಲ್ಲಿ ಕೇಳುವ ಒರಟು ಗಿಟಾರು, ದಾರಿಯಲ್ಲಿ ಪೆಟ್ಟು ತಿಂದು ಕೆಟ್ಟ ಆಂಪ್ಲಿಫಯರಿನದೆಂದು ಹೇಳುತ್ತಾರೆ. ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರಲ್ಲಿ ತನ್ನ ಪುಟ್ಟ ಆಂಪ್ಲಿಫಯರಿನ ಸ್ಪೀಕರನ್ನೇ ಬ್ಲೇಡಿನಿಂದ ಸೀಳಿಕೊಂಡನು. ಕಾಲಲ್ಲಿ ಒತ್ತುವ ಸಣ್ಣ ಡಬ್ಬಿಯೊಳಗೆ ಈ ಗುಣವನ್ನು ಸೌಮ್ಯವಾಗಿ ಅಡಗಿಸಿದವರಲ್ಲಿ ಮುಖ್ಯರು ಜಪಾನಿನವರು. ಬಾಸ್ ಸಂಸ್ಥೆಯ ಓಡಿ-1 ಎಂಬ ಓವರ್‌ಡ್ರೈವ್ ಪೆಡಲು 1977ರಲ್ಲಿಯೂ, ಐಬಾನೆಜ್ ಹೆಸರಿನ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ 1979ರಲ್ಲಿಯೂ ಹೊರಬಂದವು. ಹೆಸರಿನಲ್ಲಿ ಟ್ಯೂಬ್ ಎಂದಿದ್ದರೂ ಒಳಗೆ ವಾಲ್ವಿನ ಸುಳಿವಿಲ್ಲ. ಇರುವುದು ಒಂದು ಚಿಪ್ಪು, ಕೆಲವು ಡಯೋಡುಗಳು.

ಇನ್ನು ನಮ್ಮ ಮೊದಲ ತಪ್ಪನ್ನು ಒಪ್ಪಿಕೊಳ್ಳಬೇಕು. ಅಂಗಡಿಯವರೊಬ್ಬರ ಮಾತು ನಂಬಿ, ಪರೀಕ್ಷಿಸದೆಯೇ ಒಂದು ಪೆಡಲನ್ನು ಕೊಂಡೆವು. ಅದು ಓವರ್‌ಡ್ರೈವ್ ಅಲ್ಲ, ಅಲೆಯ ನೆತ್ತಿಯನ್ನು ಕತ್ತಿಯಿಂದ ಕಡಿದಂತೆ ಕಡಿಯುವ ಉಗ್ರ ಡಿಸ್ಟಾರ್ಷನ್. ಅಣ್ಣನವರ ಪೆಟ್ಟಿಗೆಯಲ್ಲಿ ಅದು ಡಬ್ಬದೊಳಗೆ ಹೊಕ್ಕ ಜೇನುಹುಳುಗಳ ಸದ್ದು ಮಾಡಿತು. ಅಂಗಡಿಯವರು ಹಿಂತೆಗೆದುಕೊಳ್ಳಲಿಲ್ಲ. ಹಣ ಹೋಯಿತೆಂಬುದಕ್ಕಿಂತ, "ನೋಡ್ರಿ, ಪೆಟ್ಟಿಗೀದ ತಪ್ಪು" ಎಂದು ಹುಡುಗನಿಗೆ ಮತ್ತೊಂದು ಸಾಕ್ಷಿ ಸಿಕ್ಕಿತಲ್ಲಾ ಎಂಬುದೇ ನಮಗೆ ಹೆಚ್ಚಿನ ವ್ಯಥೆಯಾಯಿತು.

ಎರಡನೆಯ ಸಲ ನಾವು ಪೆಡಲಿನಿಂದಲ್ಲ, ಪೆಟ್ಟಿಗೆಯಿಂದ ಆರಂಭಿಸಿದೆವು. ಆ ಕಾಲದ ಫೆಂಡರುಗಳ ಸ್ವರ ತಿದ್ದುವ ಜಾಲವು 400ರಿಂದ 500 ಹರ್ಟ್ಸ್ ಆಸುಪಾಸಿನ ನಡುಸ್ವರಗಳನ್ನು ತಗ್ಗಿಸುತ್ತದೆ. ಮೇಲೆ ಹೊಳಪು, ಕೆಳಗೆ ತುಂಬು, ನಡುವೆ ಹಳ್ಳ. ಕೋಣೆಯಲ್ಲಿ ಒಬ್ಬನೇ ನುಡಿಸುವಾಗ ಇದೇ ಸೊಗಸು. ತಂಡದಲ್ಲಿ ಈ ಹಳ್ಳದೊಳಗೇ ಗಿಟಾರು ಮುಳುಗುತ್ತದೆ. ಡಿಲಕ್ಸ್ ರಿವರ್ಬಿಗೆ ನಡುಸ್ವರವನ್ನು ಏರಿಸುವ ಗುಂಡಿಯೇ ಇಲ್ಲ. ಆದುದರಿಂದ ಆ ಕೊರತೆಯನ್ನು ಹೊರಗಿನಿಂದ ತುಂಬಬೇಕು. ಟ್ಯೂಬ್ ಸ್ಕ್ರೀಮರಿನ ಕೀರ್ತಿಯ ಗುಟ್ಟು ಇಲ್ಲಿದೆ: ಅದು ಮಂದ್ರವನ್ನು ಕಡಿಮೆ ಮಾಡಿ, ಸುಮಾರು 720 ಹರ್ಟ್ಸ್ ಬಳಿ ಗೂನು ಏಳಿಸುತ್ತದೆ. ಹಳ್ಳಕ್ಕೆ ಗೂನು ಹೊಂದುತ್ತದೆ. ಅದೇ ಡಬ್ಬಿಯನ್ನು ನಡುಸ್ವರ ಮೊದಲೇ ಮುಂದಾಗಿರುವ ಆಂಪ್ಲಿಫಯರಿಗೆ ಜೋಡಿಸಿದರೆ ಮೂಗಿನಲ್ಲಿ ಮಾತಾಡಿದಂತೆ ಕೇಳಿಸಬಹುದು. ಒಬ್ಬರ ಅಮೃತ ಇನ್ನೊಬ್ಬರಿಗೆ ಮಜ್ಜಿಗೆಯಾಗುವುದು ಹೀಗೆ.

ಇನ್ನೊಂದು ಭೇದವನ್ನು ಅರಿತಿರಬೇಕು. ಟೆಕ್ಸಸ್ಸಿನ ಸ್ಟೀವಿ ರೇ ವಾನ್ ಟ್ಯೂಬ್ ಸ್ಕ್ರೀಮರನ್ನು ಬಳಸುತ್ತಿದ್ದನೆಂದು ನಮ್ಮ ಹುಡುಗನಿಗೆ ಬಾಯಿಪಾಠ. ಡ್ರೈವ್ ಗುಂಡಿ ತಗ್ಗಿಸಿ, ಲೆವೆಲ್ ಗುಂಡಿ ಏರಿಸಿ ಇಡುವ ಆತನ ರೀತಿಯನ್ನೇ ಇವನೂ ಅನುಸರಿಸಿದ. ಸದ್ದು ಹೆಚ್ಚಿತೇ ವಿನಾ ಒರಟುತನ ಬರಲಿಲ್ಲ. ಕಾರಣ ಸರಳ. ವಾನನ ಆಂಪ್ಲಿಫಯರುಗಳು ವೇದಿಕೆಯ ಮೇಲೆ ಆಗಲೇ ಮಿತಿಯ ಅಂಚಿನಲ್ಲಿ ಗರ್ಜಿಸುತ್ತಿದ್ದವು. ಪೆಡಲು ಅವನ್ನು ಅಂಚಿನಿಂದಾಚೆಗೆ ದೂಡಿದರೆ ಸಾಕಿತ್ತು. ನಡುಮನೆಯಲ್ಲಿ, ಗೋಡೆಯಾಚೆಗೆ ನೆರೆಯವರಿರುವಾಗ, ಪೆಟ್ಟಿಗೆಯ ಗುಂಡಿ ಎರಡನ್ನು ದಾಟದು. ಅಲ್ಲಿ ವಾಲ್ವು ಮಿತಿ ಮೀರುವುದಿಲ್ಲವಾದ್ದರಿಂದ ಒರಟುತನವನ್ನೆಲ್ಲ ಪೆಡಲೇ ಹುಟ್ಟಿಸಬೇಕು. ಆಗ ಡ್ರೈವನ್ನು ಅರ್ಧದವರೆಗೆ ಏರಿಸಿ, ಲೆವೆಲನ್ನು ಪೆಡಲಿಲ್ಲದಾಗಿನ ಸದ್ದಿಗೆ ಸಮನಾಗಿ ನಿಲ್ಲಿಸುವುದೇ ತಕ್ಕ ಕ್ರಮ.

ತಂಡದ ಗೆಳೆಯರಿಂದ ಮೂರು ಪೆಡಲುಗಳನ್ನು ಎರವು ತಂದು ಒಂದು ಭಾನುವಾರ ಪರೀಕ್ಷೆಗೆ ಕುಳಿತೆವು: ಟ್ಯೂಬ್ ಸ್ಕ್ರೀಮರಿನ 1982ರ ಮಾದರಿಯಾದ ಟಿಎಸ್9, ಬಾಸ್ ಸಂಸ್ಥೆಯ 1981ರ ಹಳದಿ ಎಸ್‌ಡಿ-1, ಅದೇ ಸಂಸ್ಥೆಯ 1995ರ ನೀಲಿ ಬ್ಲೂಸ್ ಡ್ರೈವರ್. ನಿಯಮ ಒಂದೇ: ಮೂರರ ಸದ್ದೂ ಸಮವಾಗಿರಬೇಕು, ಏಕೆಂದರೆ ಸ್ವಲ್ಪ ಜೋರಾಗಿರುವುದೇ ಕಿವಿಗೆ ಉತ್ತಮವೆಂದು ತೋರುವುದು ಸಹಜ. ವೈನಿಯವರು ಅಡುಗೆಮನೆಯಲ್ಲಿ ಭಕ್ಕರಿ ತಟ್ಟುತ್ತಿದ್ದರು. ಯಾವುದು ಯಾವುದೆಂದು ಅವರಿಗೆ ತಿಳಿಸಲಿಲ್ಲ.

ಬ್ಲೂಸ್ ಡ್ರೈವರ್ ಬೆರಳಿನ ಪ್ರತಿಯೊಂದು ಮೀಟಿಗೂ ಓಗೊಡುವ ಪೆಡಲು. ಮೆಲ್ಲನೆ ಮುಟ್ಟಿದರೆ ತಿಳಿಯಾಗುತ್ತದೆ, ಬಲವಾಗಿ ಮೀಟಿದರೆ ಸಿಡಿಯುತ್ತದೆ. ನಮಗೆ ಅದು ಬಹಳ ಹಿಡಿಸಿತು. ಆದರೆ ಮೊದಲೇ ಹೊಳಪಿನ ಪೆಟ್ಟಿಗೆ, ಮೊದಲೇ ತೀಕ್ಷ್ಣವಾದ ಒಂಟಿಸುರುಳಿಯ ಗಿಟಾರು, ಅದರ ಮೇಲೆ ಈ ಪೆಡಲು; ಟೋನ್ ಗುಂಡಿಯನ್ನು ಬಹಳ ಇಳಿಸದ ಹೊರತು ಕಿವಿ ಚುಚ್ಚುತ್ತಿತ್ತು. ಟಿಎಸ್9 ಮೃದು, ದುಂಡು. ಎಸ್‌ಡಿ-1ರದೂ ಅದೇ ವಂಶ, ನಡುಸ್ವರವೂ ಮುಂದೆ. ಆದರೆ ಅದರ ಡಯೋಡುಗಳು ಅಲೆಯ ಮೇಲ್ಭಾಗವನ್ನೂ ಕೆಳಭಾಗವನ್ನೂ ಅಸಮವಾಗಿ ತಗ್ಗಿಸುವುದರಿಂದ ಅಂಚಿನಲ್ಲಿ ಒಂದು ತೆರೆದ ಒರಟುತನವಿದೆ. "ಆ ಎರಡನೇದ್ದು ಮನುಷ್ಯಾರ ದನಿ ಇದ್ದಂಗ ಇತ್ತು" ಎಂದು ವೈನಿಯವರು ಒಳಗಿನಿಂದಲೇ ಹೇಳಿದರು. ಎರಡನೆಯದು ಎಸ್‌ಡಿ-1. ಬೆಲೆಯೂ ಟಿಎಸ್9ಕ್ಕಿಂತ ಸಾಕಷ್ಟು ಕಡಿಮೆ.

ದುಬಾರಿ ದಂತಕಥೆಗಳ ಬಗ್ಗೆ ಎರಡು ಮಾತು. 1994ರಲ್ಲಿ ಬಂದ ಕ್ಲಾನ್ ಸೆಂಟಾರ್ ಎಂಬ ಅಮೆರಿಕದ ಪೆಡಲು ಇಂದು ಹಳೆಯದಾಗಿಯೂ ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತದೆ. ಮೂಲ ಸ್ವರವನ್ನು ಒರಟು ಸ್ವರದೊಡನೆ ಬೆರೆಸುವ ಅದರ ವಿಧಾನ ಚತುರವಾದುದು ನಿಜ. ಆದರೆ ಆ ಬೆಲೆ ವಿರಳತೆಗೆ ಸಲ್ಲುವ ಕಾಣಿಕೆ. ಅಂತೆಯೇ ಟ್ಯೂಬ್ ಸ್ಕ್ರೀಮರಿನ ಹಳೆಯ ಮಾದರಿಗೆ ಪ್ರಾಣ ಬಿಡುವವರಿದ್ದಾರೆ. 1979ರದಕ್ಕೂ 1982ರದಕ್ಕೂ ಮಂಡಲದಲ್ಲಿರುವ ಮುಖ್ಯ ವ್ಯತ್ಯಾಸ ಕೊನೆಯ ಎರಡು ರೋಧಕಗಳು ಮಾತ್ರ.

ಮನೆಯವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಸೇರಿಸುತ್ತೇವೆ. ಅಮೆರಿಕದಿಂದ ಬಂದ ಪೆಟ್ಟಿಗೆ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ತಕ್ಕ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರು ಮತ್ತು ಸರಿಯಾದ ಅರ್ತಿಂಗ್ ಬೇಕೇ ಬೇಕು. ಸ್ಪೀಕರಿನ ತಂತಿ ಬಿಚ್ಚಿ ವಾಲ್ವ್ ಪೆಟ್ಟಿಗೆಯನ್ನು ನುಡಿಸಬಾರದು. ಒಳಗೆ ನಾನೂರು ವೋಲ್ಟು ಮೀರಿದ ವಿದ್ಯುತ್ತಿದ್ದು, ಗುಂಡಿ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದಾದ್ದರಿಂದ ಮಕ್ಕಳು ಹಿಂಬದಿಯನ್ನು ಬಿಚ್ಚಕೂಡದು. ಪೆಡಲಿನ ಅಡಾಪ್ಟರು 9 ವೋಲ್ಟಿನದಾಗಿ, ನಡುಮೊಳೆ ಋಣವಾಗಿರಬೇಕು. ಕೀಬೋರ್ಡಿನ ಅಡಾಪ್ಟರು ಗಾತ್ರದಲ್ಲಿ ಹೊಂದಿತೆಂದು ಚುಚ್ಚಲು ಹೋಗಿದ್ದ ಹುಡುಗನ ಕೈಯನ್ನು ನಾವೇ ಹಿಡಿದೆವು.

ಡಿಸೆಂಬರಿನ ಆರತಕ್ಷತೆಯೊಂದಕ್ಕೆ ಅಣ್ಣನವರ ಪೆಟ್ಟಿಗೆ ಹಳದಿ ಪೆಡಲಿನೊಡನೆ ಹೋಗಿಬಂತು. ಕಡೆಯ ಸಾಲಿನಲ್ಲಿ ಕುಳಿತಿದ್ದ ನಮಗೂ ಗಿಟಾರು ಸ್ಪಷ್ಟವಾಗಿ ಕೇಳಿಸಿತು. ಮಾರುವ ಮಾತು ಆಮೇಲೆ ಬಂದಿಲ್ಲ. ಈಗ ಬೇರೊಂದು ತಕರಾರು: ಪೆಡಲಿನ ಒಳಗಂಡಿಯಲ್ಲಿ ತಂತಿ ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಹುಡುಗನಿಗೆ ಅದರ ಪರಿವೆಯಿಲ್ಲ. ರಾತ್ರಿ ದೀಪ ಆರಿಸುವ ಮುನ್ನ ವೈನಿಯವರೇ ಬಂದು ಆ ತಂತಿಯನ್ನು ಕಿತ್ತಿಡುತ್ತಾರೆ.