ಅಮೆರಿಕದ ರಾಜಕೀಯ ಓದೋಕೆ ದುಡ್ಡು ಯಾರು ಕೊಡ್ತಾರೆ?

ಬಿ.ಇ. ಮುಗಿದ ಮೇಲೆ ಎಂ.ಟೆಕ್, ಎಂಬಿಎ, ಇಲ್ಲಾ ಬೆಂಗಳೂರು ಬಸ್ಸು. ನಮ್ಮ ಕ್ಯಾಂಪಸ್‌ನಲ್ಲಿ ಈ ಮೂರು ದಾರಿ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಚುನಾವಣೆ ಬಂದರೆ ಕ್ಯಾಂಟೀನ್‌ನಲ್ಲಿ ಎಲೆಕ್ಟೋರಲ್ ಕಾಲೇಜ್ ಬಗ್ಗೆ ಟೀ ಆರಿಹೋಗುವವರೆಗೂ ವಾದ ಮಾಡೋರು ನಮ್ಮಲ್ಲೇ ಇದ್ದಾರೆ. ಅಲ್ಲಿ ವೀಸಾ ನಿಯಮ ಬದಲಾದರೆ ನಿದ್ದೆ ಕೆಡಿಸಿಕೊಳ್ಳೋರೂ ನಾವೇ. ಆದರೆ "ಆ ದೇಶದ ಸರ್ಕಾರ ಹೇಗೆ ನಡೆಯುತ್ತೆ ಅನ್ನೋದನ್ನೇ ಓದ್ತೀನಿ" ಅಂತ ಮನೆಯಲ್ಲಿ ಹೇಳಿ ನೋಡಿ, ಮೊದಲು ಬರೋ ಪ್ರಶ್ನೆ ಒಂದೇ: "ದುಡ್ಡು ಎಲ್ಲಿಂದ ತರೋಣ?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ತಿಳಿದದ್ದು ಇಷ್ಟು: ಸ್ಕಾಲರ್‌ಶಿಪ್ ಹುಡುಕುವಾಗ ಮೊತ್ತ ಆಮೇಲೆ ನೋಡಿ, ಅರ್ಹತೆಯ ಸಾಲನ್ನು ಮೊದಲು ಓದಿ. ಯಾರ ದುಡ್ಡು, ಯಾಕೆ ಕೊಡ್ತಾರೆ, ಬದಲಿಗೆ ಏನು ಕೇಳ್ತಾರೆ ಎಂಬುದೆಲ್ಲ ಅಲ್ಲೇ ಇರುತ್ತೆ.

ಮೊದಲು ಕಣ್ಣಿಗೆ ಬೀಳುವವು ನಮಗಲ್ಲ

ಅಮೆರಿಕದ ಸರ್ಕಾರ ಮತ್ತು ರಾಜಕೀಯ ಓದುವವರ ಸ್ಕಾಲರ್‌ಶಿಪ್ ಅಂತ ಹುಡುಕಿದರೆ ದೊಡ್ಡ ಹೆಸರುಗಳು ಸಿಗುತ್ತವೆ. ಒಂದು ಟ್ರೂಮನ್ ಸ್ಕಾಲರ್‌ಶಿಪ್. ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸ್ಮಾರಕವಾಗಿ ಪ್ರತಿಮೆ ನಿಲ್ಲಿಸುವ ಬದಲು 1975ರಲ್ಲಿ ಕಾಯ್ದೆ ಮಾಡಿ ಹುಟ್ಟುಹಾಕಿದ್ದು. ಸಾರ್ವಜನಿಕ ಸೇವೆಗೆ ಹೋಗಬೇಕು ಅನ್ನುವ ಪದವಿ ವಿದ್ಯಾರ್ಥಿಗಳಿಗೆ ಇದು. ಇನ್ನೊಂದು ಜೇಮ್ಸ್ ಮ್ಯಾಡಿಸನ್ ಫೆಲೋಶಿಪ್, 1986ರದ್ದು. ಹೈಸ್ಕೂಲಿನಲ್ಲಿ ಅಮೆರಿಕದ ಇತಿಹಾಸ, ಸರ್ಕಾರ, ಸಂವಿಧಾನ ಪಾಠ ಮಾಡೋ ಮೇಷ್ಟ್ರುಗಳಿಗೆ, ಮೇಷ್ಟ್ರಾಗೋರಿಗೆ.

ಎರಡಕ್ಕೂ ಅಮೆರಿಕದ ಪೌರತ್ವ ಬೇಕು. ಇದರಲ್ಲಿ ಬೇಜಾರು ಮಾಡ್ಕೊಳ್ಳೋದೇನಿಲ್ಲ. ತನ್ನ ಅಧಿಕಾರಿಗಳನ್ನು, ತನ್ನ ಮೇಷ್ಟ್ರುಗಳನ್ನು ತಯಾರು ಮಾಡಿಕೊಳ್ಳೋಕೆ ಆ ದೇಶ ಇಟ್ಟ ದುಡ್ಡು ಅದು. ಇಂಥ ಪಟ್ಟಿ ಹಿಡಿದು ಒಂದೊಂದೇ ಅರ್ಜಿ ತುಂಬುತ್ತಾ ಕೂತರೆ ಒಂದು ಸೆಮಿಸ್ಟರ್ ಹೋಗುತ್ತೆ ಅಷ್ಟೇ.

ಬಿ.ಇ. ಇಲ್ಲಿ ಉಪಯೋಗಕ್ಕೆ ಬರುತ್ತೆ

ನಮಗೆ ತೆರೆದಿರೋ ಮೊದಲ ಬಾಗಿಲು ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್. 1946ರಲ್ಲಿ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ತಂದ ಕಾಯ್ದೆಯಿಂದ ಈ ಕಾರ್ಯಕ್ರಮ ಹುಟ್ಟಿತು. ಎರಡನೇ ಮಹಾಯುದ್ಧದಲ್ಲಿ ಉಳಿದ ಸಾಮಾನುಗಳನ್ನು ಮಾರಿ ಬಂದ ಹಣವೇ ಇದರ ಮೂಲ ಬಂಡವಾಳ. 1950ರಲ್ಲಿ ಭಾರತದ ಜೊತೆ ಒಪ್ಪಂದವಾಯಿತು. 2008ರಲ್ಲಿ ಭಾರತ ಸರ್ಕಾರವೂ ಸಮಪಾಲು ಹಾಕೋದಾಗಿ ಒಪ್ಪಿದ ಮೇಲೆ ಹೆಸರಿನಲ್ಲಿ ನೆಹರು ಸೇರಿಕೊಂಡರು.

ಈ ಫೆಲೋಶಿಪ್‌ನ ವಿಷಯಗಳಲ್ಲಿ ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ವ್ಯವಹಾರ, ನಗರ ಯೋಜನೆ ಬರುತ್ತವೆ. ಅರ್ಹತೆಯ ಸಾಲು ಓದಿ: ಅಮೆರಿಕದ ಪದವಿಗೆ ಸಮನಾದ ಪದವಿ, ಕನಿಷ್ಠ ಶೇ. 55 ಅಂಕ, ಮೂರು ವರ್ಷ ಸಂಬಳದ ಕೆಲಸದ ಅನುಭವ. ಮೂರು ವರ್ಷದ ಬಿ.ಎ. ಮಾಡಿದವರು ಇದಕ್ಕೆ ಎಂ.ಎ.ಯನ್ನೂ ಮುಗಿಸಿರಬೇಕು. ನಮ್ಮ ಬಿ.ಇ. ನಾಲ್ಕು ವರ್ಷದ್ದು, ಹಾಗಾಗಿ ಅದೊಂದೇ ಸಾಕು. ಸಿವಿಲ್ ಮುಗಿಸಿ ಶಿವಮೊಗ್ಗ ಸ್ಮಾರ್ಟ್ ಸಿಟಿಯಂಥ ಕಾಮಗಾರಿಯಲ್ಲಿ ಮೂರು ವರ್ಷ ದುಡಿದವರ ಹತ್ತಿರ ನಗರಾಡಳಿತದ ಬಗ್ಗೆ ಬರೆಯೋಕೆ ಬೇಕಾದಷ್ಟು ಇರುತ್ತೆ.

ಆಯ್ಕೆಯಾದರೆ ಕಾಲೇಜು ಶುಲ್ಕ, ಇರೋ ಖರ್ಚು, ವಿಮಾನ, ವಿಮೆ ಎಲ್ಲ ಸಿಗುತ್ತೆ. ಷರತ್ತು ಒಂದಿದೆ. ವೀಸಾ ಜೆ-1. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರೋವರೆಗೂ ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಸಿಗಲ್ಲ. ಅಲ್ಲೇ ನೆಲೆಸೋ ಯೋಚನೆ ಇದ್ದವರಿಗೆ ಇದು ದಾರಿಯಲ್ಲ. ಕಲಿತು ಬಂದು ಇಲ್ಲಿ ಕೆಲಸ ಮಾಡ್ತೀನಿ ಅನ್ನೋರಿಗೆ ಇದಕ್ಕಿಂತ ಒಳ್ಳೇದು ಅಪರೂಪ.

ನಮ್ಮ ಸರ್ಕಾರದ ದುಡ್ಡು

ಎರಡನೇ ಬಾಗಿಲು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ವರ್ಷಕ್ಕೆ 125 ಜನಕ್ಕೆ: ಪರಿಶಿಷ್ಟ ಜಾತಿಯವರಿಗೆ 115, ಅಲೆಮಾರಿ ಸಮುದಾಯಗಳಿಗೆ 6, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬಕ್ಕೆ 4. ಶೇ. 60 ಅಂಕ, 35ರೊಳಗಿನ ವಯಸ್ಸು, ಕುಟುಂಬದ ಆದಾಯ 8 ಲಕ್ಷದೊಳಗೆ, ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರುವ ವಿಶ್ವವಿದ್ಯಾಲಯದಲ್ಲಿ ಸೀಟು. ಅಮೆರಿಕಕ್ಕೆ ಹೋದರೆ ಕಾಲೇಜು ಶುಲ್ಕದ ಜೊತೆಗೆ ವರ್ಷಕ್ಕೆ 15,400 ಡಾಲರ್ ಜೀವನ ವೆಚ್ಚ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ್ದು ಬೇರೆ ಯೋಜನೆ ಇದೆ, 20 ಜನಕ್ಕೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯನ್ನೂ ವಿಚಾರಿಸಿ.

ಇದರಲ್ಲೂ ಒಂದು ಸಾಲು ಗಮನಿಸಬೇಕು. 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಟ್ಟಿತು. ಅಂದರೆ ಭದ್ರಾವತಿಯ ಹುಡುಗಿಯೊಬ್ಬಳು ಅಮೆರಿಕದ ಕರಿಯರ ಮತದಾನದ ಹಕ್ಕಿನ ಬಗ್ಗೆ ಓದೋಕೆ ಈ ದುಡ್ಡು ಕೇಳಬಹುದು. ತನ್ನ ಕೇರಿಯ ಜಾತಿ ವ್ಯವಸ್ಥೆ ಬಗ್ಗೆ ಓದ್ತೀನಿ ಅಂದರೆ ಕೇಳೋ ಹಾಗಿಲ್ಲ. ಇದು ಸರಿಯಾ ಅನ್ನೋ ವಾದ ಆಗಲೇ ಎದ್ದಿತ್ತು, ಏಳಬೇಕಾದ್ದೇ. ಅರ್ಜಿ ಹಾಕೋರು ಮಾತ್ರ ಈ ಸಾಲನ್ನು ಗಮನದಲ್ಲಿಟ್ಟು ವಿಷಯ ಆರಿಸಿಕೊಳ್ಳಬೇಕು.

ಮಾಸ್ಟರ್ಸ್ ದುಬಾರಿ, ಪಿಎಚ್.ಡಿ. ಅಲ್ಲ

ಮೂರನೇ ದಾರಿ ನಮ್ಮಲ್ಲಿ ಕಡಿಮೆ ಜನಕ್ಕೆ ಗೊತ್ತು. ಅಮೆರಿಕದ ವಿಶ್ವವಿದ್ಯಾಲಯಗಳು ರಾಜ್ಯಶಾಸ್ತ್ರದ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಶುಲ್ಕ ವಸೂಲು ಮಾಡುತ್ತವೆ. ಪಿಎಚ್.ಡಿ.ಗೆ ಸೇರಿಸಿಕೊಂಡರೆ ಹೆಚ್ಚಿನ ಕಡೆ ಶುಲ್ಕ ಮನ್ನಾ, ಮೇಲೆ ತಿಂಗಳ ಸ್ಟೈಪೆಂಡ್. ಬದಲಿಗೆ ಕಿರಿಯ ತರಗತಿಗಳಿಗೆ ಪಾಠದಲ್ಲಿ ನೆರವಾಗಬೇಕು, ಪ್ರೊಫೆಸರ್ ಜೊತೆ ಸಂಶೋಧನೆ ಮಾಡಬೇಕು. ಎಂ.ಎ. ಇಲ್ಲದೆ ನೇರವಾಗಿ ಪದವಿಯಿಂದಲೇ ಅರ್ಜಿ ಹಾಕಬಹುದಾದ ವಿಭಾಗಗಳು ಬಹಳ ಇವೆ. 'ಅಮೆರಿಕನ್ ಪಾಲಿಟಿಕ್ಸ್' ಅಲ್ಲಿ ಒಂದು ಪ್ರತ್ಯೇಕ ಶಾಖೆ, ಅದರ ತುಂಬ ಮತದಾನದ ಅಂಕಿಅಂಶ, ಸಮೀಕ್ಷೆ, ಕ್ಷೇತ್ರಗಳ ನಕ್ಷೆ. ಸ್ಟ್ಯಾಟಿಸ್ಟಿಕ್ಸ್, ಪೈಥಾನ್ ಗೊತ್ತಿರೋ ಇಂಜಿನಿಯರ್ ಅಲ್ಲಿ ಪರಕೀಯನಲ್ಲ.

ಇವ್ಯಾವುದೂ ಹೊಂದದಿದ್ದರೆ 1892ರಿಂದ ನಡೆಯುತ್ತಿರೋ ಜೆ.ಎನ್. ಟಾಟಾ ಎಂಡೋಮೆಂಟ್ ಇದೆ. ಇದು ಸಾಲದ ರೂಪದ್ದು, ತೀರಿಸಬೇಕು.

ಕೊಟ್ಟವರ ಷರತ್ತು ಹೊಸದಲ್ಲ

1913ರಲ್ಲಿ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋಗಿದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಓದಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು ಅನ್ನೋ ಕರಾರಿತ್ತು. ಮಾತಿನಂತೆ 1917ರಲ್ಲಿ ಬರೋಡಕ್ಕೆ ಬಂದರು. ಜಾತಿಯ ಕಾರಣಕ್ಕೆ ಆ ಊರಿನಲ್ಲಿ ಇರೋಕೊಂದು ಮನೆ ಸಿಗಲಿಲ್ಲ, ಬಿಟ್ಟು ಹೊರಡಬೇಕಾಯಿತು. ಸ್ಕಾಲರ್‌ಶಿಪ್ ಓದು ಕೊಡುತ್ತೆ, ಉಳಿದ ಹೋರಾಟ ನಮ್ಮದೇ. ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ತೀರ್ಥಹಳ್ಳಿ ತಾಲ್ಲೂಕು ಮೇಳಿಗೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. ಅವರ ಪ್ರಬಂಧದ ವಿಷಯ 1930ರ ದಶಕದ ರಾಜಕೀಯ ಮತ್ತು ಕಾದಂಬರಿ.

ಏನು ಬರೆಯೋದು?

ಇಷ್ಟೆಲ್ಲ ಅರ್ಜಿಗಳಲ್ಲೂ ಒಂದು ಪುಟ ಕೇಳ್ತಾರೆ: ಈ ವಿಷಯ ಯಾಕೆ, ನೀವೇ ಯಾಕೆ? "ಚಿಕ್ಕಂದಿನಿಂದ ರಾಜಕೀಯದಲ್ಲಿ ಆಸಕ್ತಿ" ಅಂತ ಬರೆದರೆ ಯಾರೂ ಓದಲ್ಲ. ಕಣ್ಣ ಮುಂದಿರೋದನ್ನು ಬರೆಯಿರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು, ಊರು ಅದರ ಸುತ್ತಲೇ ಬೆಳೆಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅಮೆರಿಕದ ಒಹಾಯೋ ರಾಜ್ಯದ ಯಂಗ್ಸ್‌ಟೌನ್ ಕೂಡ ಉಕ್ಕಿನ ಊರೇ. 1977ರ ಸೆಪ್ಟೆಂಬರ್ 19ರಂದು ಅಲ್ಲಿನ ದೊಡ್ಡ ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಬಂತು, ಆ ದಿನವನ್ನು ಇವತ್ತಿಗೂ ಕಪ್ಪು ಸೋಮವಾರ ಅಂತಾರೆ. ಅಂಥ ಊರುಗಳ ಮತ ಯಾವ ಕಡೆ ವಾಲುತ್ತೆ ಅನ್ನೋದು ಈಗ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ದೊಡ್ಡ ಪ್ರಶ್ನೆ. ಕಾರ್ಖಾನೆ ನಿಂತರೆ ಊರಿನ ರಾಜಕೀಯ ಏನಾಗುತ್ತೆ? ಎರಡೂ ಊರನ್ನು ಪಕ್ಕಪಕ್ಕ ಇಟ್ಟು ಈ ಪ್ರಶ್ನೆ ಕೇಳೋಕೆ ನ್ಯೂಟೌನ್ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗಿಂತ ಹಕ್ಕುದಾರರು ಯಾರಿದ್ದಾರೆ?

ಈಗಲೇ ಮಾಡಬೇಕಾದ್ದು

ಮೂರನೇ ವರ್ಷದಲ್ಲೇ ಹೆಸರು ಸರಿಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಅಂದರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸೋ ನಿಮ್ಮ ಸ್ಕೀಮ್‌ನ ಸೂತ್ರ ಹುಡುಕಿಟ್ಟುಕೊಳ್ಳಿ, 55, 60ರ ಗೆರೆ ದಾಟೋದು ಅದರಲ್ಲೇ. ಶಿಫಾರಸು ಪತ್ರಕ್ಕೆ ನಿಮ್ಮನ್ನು ನಿಜವಾಗಿ ಬಲ್ಲ ಮೂರು ಮೇಷ್ಟ್ರುಗಳ ಜೊತೆ ಮಾತಾಡಿ. ರಾಜ್ಯಶಾಸ್ತ್ರ ನಿಮಗೆ ಒಗ್ಗುತ್ತಾ ಅನ್ನೋ ಅನುಮಾನ ಇದ್ದರೆ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯದ ವಿಭಾಗವಿದೆ, ಒಂದು ದಿನ ಹೋಗಿ ಅಲ್ಲಿನವರನ್ನು ಕೇಳಿ ಬನ್ನಿ.

ಫುಲ್‌ಬ್ರೈಟ್‌ಗಾಗಲಿ ಸಾಗರೋತ್ತರ ವೇತನಕ್ಕಾಗಲಿ ಅರ್ಜಿ ಶುಲ್ಕ ಇಲ್ಲ. "ಗ್ಯಾರಂಟಿ ಮಾಡಿಸಿಕೊಡ್ತೀವಿ" ಅಂತ ದುಡ್ಡು ಕೇಳೋರಿಗೆ ಕೈಮುಗಿದು ಮುಂದೆ ಹೋಗಿ. ನಿಯಮಗಳು ವರ್ಷವರ್ಷವೂ ಬದಲಾಗುತ್ತವೆ. ಫುಲ್‌ಬ್ರೈಟ್‌ನ ಅಮೆರಿಕದ ಪಾಲಿಗೆ ಪ್ರತಿ ವರ್ಷ ಕಾಂಗ್ರೆಸ್ (ನಮ್ಮ ಪಾರ್ಟಿಯಲ್ಲ, ಅವರ ಸಂಸತ್ತು) ಹಣ ಮಂಜೂರು ಮಾಡಬೇಕು. ಆದ್ದರಿಂದ ಈ ಲೇಖನವನ್ನೂ ನಂಬಿ ಕೂರಬೇಡಿ, ಆಯಾ ವರ್ಷದ ಅಧಿಕೃತ ಪ್ರಕಟಣೆ ತೆಗೆದು ಅರ್ಹತೆಯ ಸಾಲನ್ನು ನೀವೇ ಓದಿ. ಸರ್ಕಾರ ಹೇಗೆ ಕೆಲಸ ಮಾಡುತ್ತೆ ಅನ್ನೋ ಪಾಠ ಅಲ್ಲಿಂದಲೇ ಶುರುವಾಗುತ್ತೆ.