ಅರಿದು ಅಱಿವುದು

ಹಳಗನ್ನಡದ ಪಾಠ ಹೇಳುವವನಿಗೆ ವರುಷಕ್ಕೊಮ್ಮೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಱಕಾರಕ್ಕೂ ರಕಾರಕ್ಕೂ ಇರುವ ಭೇದವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿರುವಾಗ ಯಾರಾದರೊಬ್ಬರು ಎದ್ದು ನಿಂತು, “ಈಗ ಯಾರೂ ಬಳಸದ ಈ ಅಕ್ಷರವನ್ನು ಬೇರೆಯಾಗಿ ಗುರುತಿಸಿ ಆಗಬೇಕಾದದ್ದೇನು, ಸಾರ್?” ಎಂದು ಕೇಳುತ್ತಾರೆ. ಈ ವರುಷ ಕೇಳಿದವಳು ಜಾಣ ಹುಡುಗಿ. ನನ್ನ ಸಿದ್ಧ ಉತ್ತರಗಳಿಂದ ಅವಳಿಗೆ ಸಮಾಧಾನವಾಗಲಿಲ್ಲ. ನಿಜ ಹೇಳುವುದಾದರೆ ನನಗೂ ಆಗಲಿಲ್ಲ.

ಅಂದು ಸಂಜೆ ಪ್ರಾಣಿಶಾಸ್ತ್ರದ ಮಿತ್ರರ ಕೊಠಡಿಗೆ ಹೋದೆ. ಅವರು ಸೂಕ್ಷ್ಮದರ್ಶಕದ ಮುಂದೆ ಬಾಗಿ ಕುಳಿತಿದ್ದರು. ಗಾಜಿನ ಪಟ್ಟಿಯ ಮೇಲೆ ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲದ ಒಂದು ಮೂತಿಜೀರುಂಡೆ. ಏನು ನಡೆದಿದೆಯೆಂದು ವಿಚಾರಿಸಿದೆ. “ಇದರ ಹೆಸರು ಕೇಳುತ್ತಿದ್ದೇನೆ” ಎಂದರು.

ಜೀರುಂಡೆಗಳು ಹೆಸರು ಹೇಳುವ ರೀತಿ ವಿಚಿತ್ರವಾದುದು. ಬಣ್ಣ, ಗಾತ್ರ, ಮೈಯ ಹೊಳಪು ಇವುಗಳನ್ನು ನಂಬುವಂತಿಲ್ಲ. ಮರಿಯಾಗಿದ್ದಾಗ ಮೇವು ಕಡಿಮೆಯಾದರೆ ದೊಡ್ಡ ಜಾತಿಯ ಹುಳುವೂ ಕುಳ್ಳಾಗಿ ಬೆಳೆಯುತ್ತದೆ. ಆದುದರಿಂದ ಶಾಸ್ತ್ರಜ್ಞರು ಒಣಗಿದ ಹುಳುವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಉದರದ ತುದಿಯನ್ನು ಸೂಜಿಮೊನೆಯಿಂದ ಬಿಡಿಸಿ, ಗಂಡಿನ ಜನನಾಂಗವನ್ನು ಹೊರತೆಗೆಯುತ್ತಾರೆ. ಪೊಟ್ಯಾಶ್ ದ್ರಾವಣದಲ್ಲಿ ಇಟ್ಟರೆ ಮೃದುವಾದ ಮಾಂಸವೆಲ್ಲ ಕರಗಿ, ಗಟ್ಟಿಯಾದ ಕವಚ ಮಾತ್ರ ಉಳಿಯುತ್ತದೆ. ಹೊರಗೆ ಅವಳಿಗಳಂತೆ ಕಾಣುವ ಎರಡು ಜಾತಿಗಳಲ್ಲಿ ಈ ಕಿರುಗವಚದ ಬಾಗು, ತುದಿ, ಅಗಲಗಳು ಅನೇಕ ವೇಳೆ ಸ್ಪಷ್ಟವಾಗಿ ಬೇರೆಯಾಗಿರುತ್ತವೆ.

“ಇಷ್ಟು ಶ್ರಮಪಟ್ಟು ಬೇರ್ಪಡಿಸಿ ಆಗಬೇಕಾದದ್ದೇನು?” ಎಂದು, ಆ ಹುಡುಗಿಯ ಪ್ರಶ್ನೆಯನ್ನೇ ನಾನು ಅವರಿಗೆ ದಾಟಿಸಿದೆ. ಮಿತ್ರರು ನಕ್ಕು ಒಂದು ಕಥೆ ಹೇಳಿದರು.

ಸಾಲ್ವಿನಿಯಾ ಎಂಬುದು ನೀರಿನ ಮೇಲೆ ತೇಲುವ ಜರಿಗಿಡ. ದಕ್ಷಿಣ ಅಮೆರಿಕದಿಂದ ಬಂದು ಆಫ್ರಿಕ, ಏಷ್ಯ, ಆಸ್ಟ್ರೇಲಿಯಗಳ ಕೆರೆಗಳನ್ನು ಮುಚ್ಚಿಹಾಕಿತು. ಒಂದು ತುಂಡು ಸಿಕ್ಕರೆ ಸಾಕು, ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಕೇರಳದವರು ಇದನ್ನು ಆಫ್ರಿಕನ್ ಪಾಯಲ್ ಎಂದು ಕರೆದರು. ಕುಟ್ಟನಾಡಿನ ದೋಣಿದಾರಿಗಳೂ ಗದ್ದೆಗಳೂ ಅದರ ಕೆಳಗೆ ಹೂತುಹೋದವು. ಮೊದಲ ತಪ್ಪು ಗಿಡದ ಹೆಸರಿನಲ್ಲೇ ಆಗಿತ್ತು. ಬಹುಕಾಲ ಇದನ್ನು ಸಾಲ್ವಿನಿಯಾ ಆರಿಕ್ಯುಲೇಟಾ ಎಂದೇ ತಿಳಿದಿದ್ದರು. ಇದು ಬೇರೊಂದು ಜಾತಿಯೆಂದು ಮಿಚೆಲ್ ಎಂಬ ವಿದ್ವಾಂಸರು ತೋರಿಸಿ, ಸಾಲ್ವಿನಿಯಾ ಮೊಲೆಸ್ಟಾ ಎಂದು ಹೆಸರಿಟ್ಟದ್ದು 1972ರಲ್ಲಿ.

ಅಷ್ಟರೊಳಗೆ ಕಳೆಯನ್ನು ತಿನ್ನುವ ಹುಳುವನ್ನು ಅದರ ನೆಂಟ ಗಿಡಗಳ ಮೇಲೆ ಹುಡುಕಿಯಾಗಿತ್ತು. ಸಿರ್ಟೊಬೇಗಸ್ ಸಿಂಗ್ಯುಲಾರಿಸ್ ಎಂಬ ಮೂತಿಜೀರುಂಡೆಯನ್ನು 1970ರ ದಶಕದಲ್ಲಿ ಬೋಟ್ಸ್ವಾನಾದ ನೀರಿಗೆ ಬಿಟ್ಟರು. ಹುಳು ನೆಲೆಯೂರಿತು; ಕಳೆ ಹೋಗಲಿಲ್ಲ. ಮೊಲೆಸ್ಟಾದ ನಿಜವಾದ ತವರು ಆಗ್ನೇಯ ಬ್ರೆಜಿಲ್ ಎಂಬುದು 1978ರಲ್ಲಿ ಗೊತ್ತಾಯಿತು. ಅಲ್ಲಿಯೂ ಇಂಥದೇ ಕಪ್ಪು ಹುಳು ಸಿಕ್ಕಿತು. ಅದೂ ಸಿಂಗ್ಯುಲಾರಿಸ್ ಎಂದೇ ಭಾವಿಸಿ 1980ರಲ್ಲಿ ಆಸ್ಟ್ರೇಲಿಯದ ಮೂಂಡಾರಾ ಸರೋವರಕ್ಕೆ ಬಿಟ್ಟರು. ಒಂದು ವರುಷ ಕಳೆದು ಸ್ವಲ್ಪ ಕಾಲವಾಗುವಷ್ಟರಲ್ಲಿ ಸುಮಾರು 18,000 ಟನ್ನು ಕಳೆ ನಾಶವಾಯಿತು!

ಒಂದೇ ಹೆಸರಿನ ಹುಳು ಅಲ್ಲಿ ಸೋತು ಇಲ್ಲಿ ಗೆದ್ದದ್ದು ಹೇಗೆ? ಹುಳುಗಳನ್ನು ಮತ್ತೆ ಮಸೂರದ ಕೆಳಗಿಟ್ಟರು. ಮೈಮೇಲಿನ ಚುಕ್ಕಿಗುಳಿಗಳಲ್ಲಿ, ಗಂಡಿನ ಜನನಾಂಗದ ಆಕಾರದಲ್ಲಿ ಭೇದ ಕಂಡಿತು. ಅವು ಎರಡು ಜಾತಿಗಳು. ಬ್ರೆಜಿಲಿನ ಹುಳುವಿಗೆ 1985ರಲ್ಲಿ ಕಾಲ್ಡರ್ ಮತ್ತು ಸ್ಯಾಂಡ್ಸ್ ಅವರು ಸಿರ್ಟೊಬೇಗಸ್ ಸಾಲ್ವಿನಿಯೇ ಎಂದು ಹೆಸರಿಟ್ಟರು. ನಡತೆಯಲ್ಲಿಯೂ ವ್ಯತ್ಯಾಸವಿತ್ತು. ಸಾಲ್ವಿನಿಯೇ ಗಿಡದ ಚಿಗುರುಮೊಗ್ಗನ್ನೇ ತಿನ್ನುತ್ತದೆ. ಅದರ ಮರಿ ಕಾಂಡದೊಳಗೆ ಕೊರೆದು ಸಾಗುತ್ತದೆ. ಬೆಳೆಯುವ ತುದಿಯೇ ಹೋದ ಮೇಲೆ ಗಿಡಕ್ಕೆ ಗತಿಯೆಲ್ಲಿ?

ಈ ಹುಳು ನಮ್ಮ ಬೆಂಗಳೂರಿಗೂ ಬಂದಿತು. 1982ರಲ್ಲಿ ಆಸ್ಟ್ರೇಲಿಯದಿಂದ ತರಿಸಿ, ಪರೀಕ್ಷಿಸಿ, ಇಲ್ಲಿಯ ಒಂದು ನೈದಿಲೆಕೊಳಕ್ಕೆ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಕಳೆ ಕುಸಿದು, ಅದರಡಿಯಲ್ಲಿ ಉಸಿರುಕಟ್ಟಿದ್ದ ನೈದಿಲೆ ಮತ್ತೆ ಚಿಗುರಿತು. ಕೇರಳದ ನೀರ್ದಾರಿಗಳು ತೆರವಾದದ್ದು ಆಮೇಲೆ. ಹುಳುವನ್ನು ತರಿಸಿದ ಕಾಲಕ್ಕೆ ಅದಕ್ಕಿನ್ನೂ ಸ್ವಂತ ಹೆಸರಿರಲಿಲ್ಲವೆಂಬುದನ್ನು ಗಮನಿಸಬೇಕು. ಬರಿಯ ಹೆಸರನ್ನೇ ನಂಬಿ ಬೇರೆ ಕಡೆಯಿಂದ ತರಿಸಿದ್ದರೆ, ಅದೇ ಚೀಟಿಯ ಕೆಳಗೆ ಸೋತ ಹುಳು ಬಂದಿರಬಹುದಾಗಿತ್ತು.

ಮನೆಗೆ ನಡೆದು ಬರುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಎಂ.ಎ. ಮುಗಿಸಿದ ಹೊಸತರಲ್ಲಿ, ಹಿರಿಯರೊಬ್ಬರ ಮನೆಯ ಅಟ್ಟದಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ನಕಲು ಮಾಡಿಕೊಂಡಿದ್ದೆ. ಬೇಗ ಮುಗಿಸುವ ಆತುರ; ಱ ಕಂಡಲ್ಲೆಲ್ಲ ರ ಎಂದೇ ಬರೆದುಕೊಂಡು ಹೋದೆ. ಹಳಗನ್ನಡದಲ್ಲಿ ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ನನ್ನ ನಕಲಿನಲ್ಲಿ ಎರಡೂ ಒಂದೇ. ಕೆಲವು ವರುಷಗಳ ಮೇಲೆ ಒಂದು ಪದ್ಯದ ಅರ್ಥ ಹೊಂದದೆ ಮೂಲವನ್ನು ನೋಡೋಣವೆಂದು ಹೋದರೆ, ಗರಿಗಳು ಗೆದ್ದಲಿನ ಪಾಲಾಗಿದ್ದವು. ಆ ಕವಿ ಅಲ್ಲಿ ಕತ್ತರಿಸಿದನೋ ತಿಳಿದನೋ, ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ಭೇದ ಅಳಿಸಿದವನು ನಾನು.

ಭೇದದ ಪ್ರಯೋಜನ ಮೊದಲೇ ತಿಳಿದಿರುವುದಿಲ್ಲ. ಅಳಿಸಿದ ಮೇಲೆ ತಿಳಿದರೆ ಮರಳಿ ದೊರೆಯುವುದೂ ಇಲ್ಲ. ಹುಳುವಿನ ವಿಷಯದಲ್ಲಿ ಯಾರೋ ಪೆಟ್ಟಿಗೆಯಲ್ಲಿ ಮಾದರಿಗಳನ್ನು ಕಾಪಾಡಿದ್ದರು, ಮತ್ತೊಮ್ಮೆ ನೋಡಲು ಸಾಧ್ಯವಾಯಿತು. ಸೋಮವಾರ ತರಗತಿಗೆ ಹೋದಾಗ ಆ ಹುಡುಗಿಗೆ ಜೀರುಂಡೆಯ ಕಥೆಯ ಜತೆಗೆ ನನ್ನ ನಕಲಿನ ಕಥೆಯನ್ನೂ ಹೇಳಬೇಕೆಂದಿದ್ದೇನೆ. ಮೊದಲನೆಯದನ್ನು ಹೇಳುವುದು ಸುಲಭ.