ಶಂಕೆಯೇ ತೀರ್ಪಲ್ಲ

ಗರ್ಭಿಣಿಯರ ರಕ್ತಪರೀಕ್ಷೆಯ ವರದಿಗಳು ಈಗ ಮೈಸೂರಿನಿಂದ ಕಡಕೊಳದಂತಹ ಊರುಗಳ ಮನೆಗಳಿಗೂ ತಲಪುತ್ತಿವೆ. ‘ಡೌನ್ ಸಿಂಡ್ರೋಮ್: ಸಂಭವ ಅಧಿಕ, 1:200’ ಎಂಬ ಸಾಲನ್ನು ಓದಿದೊಡನೆಯೇ ಮನೆಗೆ ಸೂತಕದ ಕಳೆ ಕವಿಯುವುದುಂಟು. ಇದು ಸಲ್ಲದು. ಅಂತಹ ಅಂಕ ಬಂದ 200 ಮಂದಿ ತಾಯಂದಿರಲ್ಲಿ ಸುಮಾರು 199 ಮಂದಿಯ ಶಿಶುಗಳಿಗೆ ಆ ದೋಷವಿರುವುದಿಲ್ಲವೆಂದೇ ಅದರ ಅರ್ಥವಷ್ಟೆ. ‘ಅಧಿಕ’ವೆಂಬ ಮಾತು ಮುಂದಿನ ಪರೀಕ್ಷೆ ಯಾರಿಗೆ ಅವಶ್ಯವೆಂಬುದನ್ನು ಮಾತ್ರ ಸೂಚಿಸುತ್ತದೆ. ‘ಕಡಮೆ’ಯೆಂದು ಬಂದರೂ ಅದು ಅಭಯಪತ್ರವಲ್ಲ.

ಈ ಗಣಿತಕ್ಕೆ ತಾಯಿಯ ವಯಸ್ಸು, ತೂಕ ಹಾಗೂ ಗರ್ಭದ ವಾರಗಳೇ ಆಧಾರ. ವಾರಗಳ ಎಣಿಕೆ ತಪ್ಪಿದ್ದರೆ, ಇಲ್ಲವೆ ಅವಳಿ ಗರ್ಭವೆಂಬುದು ತಿಳಿಯದಿದ್ದರೆ, ಫಲವೂ ತಪ್ಪುವುದು. ಆದುದರಿಂದ ಮೊದಲು ಸ್ಕ್ಯಾನಿಂಗಿನಿಂದ ವಾರವನ್ನು ದೃಢಪಡಿಸಿಕೊಳ್ಳತಕ್ಕದ್ದು. ಆ ಬಳಿಕವೂ ಶಂಕೆ ಉಳಿದರೆ, 15 ವಾರ ತುಂಬಿದ ಮೇಲೆ ಮಾಡುವ ಗರ್ಭಜಲದ ಪರೀಕ್ಷೆಯು ನಿರ್ಣಯಕ್ಕೆ ಸಾಧನ. ಅದರಿಂದ ಗರ್ಭಪಾತವಾಗುವ ಅಲ್ಪ ಭಯವೂ ಇರುವುದರಿಂದ, ವೈದ್ಯರು ಎಲ್ಲವನ್ನೂ ವಿವರಿಸಬೇಕು; ಒಪ್ಪುವುದೂ ಬಿಡುವುದೂ ತಾಯಿಗೆ ಸೇರಿದ ವಿಷಯ.

ವರದಿಯೊಂದನ್ನೇ ನಂಬಿ ಸೊಸೆಯನ್ನು ದೂಷಿಸುವುದೂ, ಗರ್ಭವನ್ನು ತೆಗೆಸಲು ಆತುರಪಡುವುದೂ ಅವಿವೇಕ. ಹೊಗೆ ಕಂಡರೆ ಬೆಂಕಿಯುಂಟೇ ಎಂದು ಹೋಗಿ ನೋಡಬೇಕು, ಮನೆಯನ್ನೇ ಕೆಡಹಬಾರದು.